ಮುಸುಕಪ್ಪನ ನಡುಹಾಳೆಗಳು

ಕಾಲನಿರ್ಣಯವಿಲ್ಲದ ಯಾವ ಸಂಗತಿಯನ್ನೂ ನಾನು ಜೀವಮಾನದಲ್ಲಿ ಬರೆದವನಲ್ಲ. ಆದ್ದರಿಂದ ಗುಂಡ್ಲುಪೇಟೆಯ ಟೆಂಟ್ ಸಿನಿಮಾದಲ್ಲಿ ನನಗಾದ ಮಾನಭಂಗವನ್ನು ವಿವರಿಸುವ ಮೊದಲು ಅದರ ಕಾಲವನ್ನು ಸ್ಥಾಪಿಸುವುದು ನನ್ನ ಕರ್ತವ್ಯ. ಕೊಳ್ಳೇಗಾಲವು ಮದರಾಸಿನಿಂದ ಮೈಸೂರಿಗೆ ಸೇರಿದ್ದು ೧೯೫೬ರ ನವೆಂಬರಿನಲ್ಲಿ. ಆ ಸಂಜೆ ನನ್ನ ಮೇಲೆ ಕಡಲೆಕಾಯಿ ಸಿಪ್ಪೆ ಎಸೆದವರಲ್ಲೊಬ್ಬ, “ಈವಯ್ಯನೂ ಕೊಳ್ಳೇಗಾಲದ್ ಜೊತೇಲೇ ನಮ್ ತಲೆಗೆ ಬಂದ್ನಾ?” ಎಂದು ಕೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಎಂದಮೇಲೆ ಘಟನೆ ಅದಕ್ಕಿಂತ ಹಿಂದಿನದಲ್ಲ. ಇನ್ನು, ಟಿಕೆಟ್ಟಿನ ದರ ಅಣೆಗಳಲ್ಲಿತ್ತು. ನಯಾ ಪೈಸೆ ಜಾರಿಗೆ ಬಂದದ್ದು ೧೯೫೭ರ ಏಪ್ರಿಲ್‌ನಲ್ಲಿ. ಎಂದಮೇಲೆ ಅದಕ್ಕಿಂತ ಈಚಿನದೂ ಅಲ್ಲ. ಎರಡು ಮಿತಿಗಳ ನಡುವೆ ಘಟನೆಯನ್ನು ಹೀಗೆ ಬಂಧಿಸಿ ನಾನು ಲೇಖನಿ ಕೆಳಗಿಟ್ಟೆ.

ಹಿಂದೆ ನಿಂತು ಓದುತ್ತಿದ್ದ ನನ್ನ ಹೆಂಡತಿ ಸುಶೀಲ, “ನಯಾ ಪೈಸೆ ಬಂದ್ಮೇಲೂ ನಮ್ಮೂರಲ್ಲಿ ಅಣೆ ಲೆಕ್ಕವೇ ನಡೀತಿತ್ತು. ನಮ್ಮಮ್ಮ ಸಾಯೋವರೆಗೂ ಸೊಪ್ಪು ಕೊಂಡಿದ್ದು ಅಣೇಲೇ,” ಎಂದಳು.

ಒಂದು ಮಿತಿ ಕುಸಿಯಿತು! ಇರಲಿ. ಐವತ್ತರ ದಶಕದ ಉತ್ತರಾರ್ಧ. ಮಳೆಯಿಲ್ಲದ ತಿಂಗಳು, ಏಕೆಂದರೆ ಮಳೆಗಾಲದಲ್ಲಿ ಟೆಂಟು ಹಾಕುತ್ತಿರಲಿಲ್ಲ. ಇದಕ್ಕೆ ಸುಶೀಲಳ ಆಕ್ಷೇಪಣೆ ಇಲ್ಲ. ಮುಂದುವರಿಯುತ್ತೇನೆ.

ಆಗ ನನ್ನ ಉದ್ಯೋಗ ಶಾಸನಗಳ ಅಚ್ಚು ತೆಗೆಯುವುದು. ಚಾಮರಾಜನಗರದಲ್ಲಿ ಒಂದು ಕೋಣೆ ಹಿಡಿದು, ಉಮ್ಮತ್ತೂರು, ಹರದನಹಳ್ಳಿಗಳ ಕಲ್ಲುಗಳಿಗೆ ಒದ್ದೆ ಕಾಗದ ಮೆತ್ತಿ, ಅದರ ಮೇಲೆ ಮಸಿ ಬಡಿದು, ಅಕ್ಷರ ಮೂಡಿಸಿಕೊಂಡು ಬರುತ್ತಿದ್ದೆ. ಸುತ್ತಲಿನವರು ನನ್ನನ್ನು ‘ಕಲ್ಲು ಮೇಷ್ಟ್ರು’ ಎನ್ನುತ್ತಿದ್ದರು. ಹಗಲಿನಲ್ಲಿ ಕಲ್ಲಿನ ವೀರರು ನನ್ನ ಪಾಲಿಗಿದ್ದರೆ, ಸಂಜೆಗೆ ಕಾಗದದ ವೀರರು ಕಾದಿರುತ್ತಿದ್ದರು. ಅವರು ನನಗೆ ಮೊದಲು ಸಿಕ್ಕಿದ್ದು ಹರದನಹಳ್ಳಿಯ ಸಿದ್ದಯ್ಯನ ಅಂಗಡಿಯಲ್ಲಿ, ಅರ್ಧ ಅಚ್ಚು ಬೆಲ್ಲದ ಸುತ್ತ.

ಊಟಿಯ ಕಡೆ ತೋಟದ ಬಂಗಲೆಗಳಲ್ಲಿದ್ದ ದೊರೆಗಳ ಮಕ್ಕಳು ಓದಿ ಎಸೆದ ಇಂಗ್ಲಿಷ್ ಚಿತ್ರಕಥೆಯ ಪುಸ್ತಕಗಳು ರದ್ದಿಯಾಗಿ ಘಟ್ಟ ಇಳಿದು ಗುಂಡ್ಲುಪೇಟೆಗೆ ಬರುತ್ತಿದ್ದವು. ಅಲ್ಲಿಂದ ಬಿಡಿ ಹಾಳೆಗಳಾಗಿ ಸುತ್ತಲಿನ ಅಂಗಡಿಗಳಿಗೆ ಹಂಚಿಹೋಗುತ್ತಿದ್ದವು. ಬೆಲ್ಲವನ್ನು ಪಕ್ಕಕ್ಕಿಟ್ಟು ಹಾಳೆಯನ್ನು ಬಿಡಿಸಿ ನೋಡಿದೆ. ಚೌಕ ಚೌಕವಾಗಿ ಬಣ್ಣದ ಚಿತ್ರಗಳು. ಮೈಗೆ ಅಂಟಿದ ಬಟ್ಟೆ ತೊಟ್ಟು, ಮುಖಕ್ಕೆ ಮುಸುಕು ಹಾಕಿ, ಬೆನ್ನಿಗೆ ಕೆಂಪು ವಸ್ತ್ರ ಇಳಿಬಿಟ್ಟ ಒಬ್ಬಾತನನ್ನು ಕಂಬಕ್ಕೆ ಕಟ್ಟಲಾಗಿತ್ತು. ಅವನೆದುರು ನೀಳವಾದ ಕೋಟು ತೊಟ್ಟ, ದಟ್ಟ ಮೀಸೆಯ ಗೃಹಸ್ಥನೊಬ್ಬ ಗಂಭೀರವಾಗಿ ನಿಂತಿದ್ದ. ಅಂದಿನಿಂದ ಸಿದ್ದಯ್ಯ ಇಂಥ ಹಾಳೆ ಬಂದಾಗಲೆಲ್ಲ ನನಗಾಗಿ ಎತ್ತಿಟ್ಟು, ಸಂತೆಯ ದಿನ ಚಾಮರಾಜನಗರಕ್ಕೆ ತರುತ್ತಿದ್ದ.

ಈ ಹಾಳೆಗಳ ಅಧ್ಯಯನಕ್ಕೆ ಅಂಗಡಿ ಬೀದಿಯ ದರ್ಜಿ ಖಾದರ್ ಸಾಹೇಬರ ಅಂಗಡಿಯೇ ನಮ್ಮ ವಿದ್ವತ್ಸಭೆ. ಅವರ ಕತ್ತರಿ ಹಲಗೆಯ ಮೇಲೆ ಹಾಳೆ ಹರಡಿ ಸಂಜೆಯೆಲ್ಲ ಚರ್ಚಿಸುತ್ತಿದ್ದೆವು. ಪುಸ್ತಕದ ಹೆಸರೇನೆಂದು ನಮಗೆ ತಿಳಿದಿರಲಿಲ್ಲ. ಹೆಸರು ಮುಖಪುಟದ ಮೇಲಿರುತ್ತದೆ. ಮುಖಪುಟ ನಮಗೆ ಎಂದೂ ಸಿಕ್ಕಿರಲಿಲ್ಲ. ಆದ್ದರಿಂದ ಮುಸುಕಿನವನನ್ನು ಮುಸುಕಪ್ಪನೆಂದೂ ಕೋಟಿನವನನ್ನು ಕೋಟುದೊರೆಯೆಂದೂ ಕರೆದುಕೊಂಡೆವು. ಇಲ್ಲಿ ಒಂದು ಮೂಲಭೂತ ಪ್ರಶ್ನೆ ಎದುರಾಯಿತು: ಇವರಿಬ್ಬರಲ್ಲಿ ಕಥಾನಾಯಕ ಯಾರು?

ನಾನು ಸಾಕ್ಷ್ಯಗಳನ್ನು ಕ್ರಮವಾಗಿ ಪರಿಶೀಲಿಸಿದೆ. ಮುಸುಕಪ್ಪ ಮುಖ ಮುಚ್ಚಿಕೊಳ್ಳುತ್ತಾನೆ. ಬಾಗಿಲಿದ್ದರೂ ಕಿಟಕಿಯಿಂದ ಬರುತ್ತಾನೆ. ಕತ್ತಲಾದ ಮೇಲೆಯೇ ಸಂಚರಿಸುತ್ತಾನೆ. ಕನ್ನ ಹಾಕುವವರು ಹಿಡಿತಕ್ಕೆ ಸಿಗದಿರಲೆಂದು ಬಿಗಿಯಾಗಿ ಕಚ್ಚೆ ಕಟ್ಟುವುದು ನಮ್ಮ ಸೀಮೆಯಲ್ಲಿ ಪ್ರಸಿದ್ಧ. ಇವನ ಉಡುಪು ಆ ಪರಂಪರೆಯದೇ. ಕೋಟುದೊರೆಯಾದರೋ ತೆರೆದ ಮುಖದವನು. ದೊಡ್ಡ ಮನೆ, ದೊಡ್ಡ ಮೇಜು, ಕೈಕಟ್ಟಿ ನಿಲ್ಲುವ ಆಳುಗಳು. ಅವನ ಬಾಯಿಂದ ಹೊರಟ ಮಾತುಗಳನ್ನು ಓದಿದರೆ ‘ಈ ನಗರಕ್ಕೆ ನಾನೇ ದಿಕ್ಕು’, ‘ನಿನ್ನ ಆಟ ಇಂದಿಗೆ ಮುಗಿಯಿತು’ ಎಂಬಂಥ ತೂಕದ ವಾಕ್ಯಗಳು. ಮುಸುಕಪ್ಪನ ಬಾಯಲ್ಲಿ ನರಳಾಟ ಮಾತ್ರ. ಎಲ್ಲಕ್ಕಿಂತ ಮಿಗಿಲಾಗಿ, ನಮಗೆ ದೊರೆತ ಪ್ರತಿಯೊಂದು ಹಾಳೆಯಲ್ಲಿಯೂ ಕೋಟುದೊರೆ ಗೆಲ್ಲುತ್ತಿದ್ದ. ಮುಸುಕಪ್ಪ ಹಗ್ಗದಲ್ಲೋ ಬಾವಿಯಲ್ಲೋ ಪೆಟ್ಟಿಗೆಯಲ್ಲೋ ಇರುತ್ತಿದ್ದ. ಧರ್ಮ ತಾನೇ ಗೆಲ್ಲಬೇಕಾದದ್ದು?

ಖಾದರ್ ಸಾಹೇಬರು ವೃತ್ತಿಯ ದೃಷ್ಟಿಯಿಂದ ನನ್ನನ್ನು ಸಮರ್ಥಿಸಿದರು. “ಇಷ್ಟು ಬಿಗಿ ಹೊಲಿಗೆ ಹಾಕ್ಸೋನು ಮರ್ಯಾದಸ್ಥ ಅಲ್ಲ ಮೇಷ್ಟ್ರೇ. ಆ ಕೋಟು ನೋಡಿ, ಕಾಲರ್ ನೋಡಿ. ಅದು ಖಾನದಾನಿ ಮನುಷ್ಯಂದು.”

ಸಿದ್ದಯ್ಯನೂ ಒಪ್ಪಿದ. “ಒಳಗಾಕ್ಕಳೋದ್ನ ಒರಗಡೆ ಆಕ್ಕಂಡವ್ನೆ ಕಣಿ ಸಾಮಿ. ಅವನ್ನ ಊರೊಳಕ್ಕೆ ಬುಟ್ಕಂಡಾರಾ?”

ಮೂರು ಬೇರೆ ಬೇರೆ ಶಾಸ್ತ್ರಗಳು ಒಂದೇ ತೀರ್ಮಾನಕ್ಕೆ ಬಂದಾಗ ಅದನ್ನು ಸಿದ್ಧಾಂತವೆನ್ನುತ್ತಾರೆ. ನಾಯಕ ಕೋಟುದೊರೆ, ಕಳ್ಳ ಮುಸುಕಪ್ಪ. ಇತಿ ನಿರ್ಣಯ!

ಇದೇ ಸಮಯದಲ್ಲಿ ನನಗೆ ಹೆಣ್ಣು ನೋಡುವ ಶಾಸ್ತ್ರವೂ ನಡೆದಿತ್ತು. ಹುಡುಗಿ ಗುಂಡ್ಲುಪೇಟೆಯ ಬಸ್ ಏಜೆಂಟ್ ರಂಗಪ್ಪನವರ ಕಿರಿಯ ಮಗಳು ಸುಶೀಲ, ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿ. ಅವಳು ಉಪ್ಪಿಟ್ಟಿನ ತಟ್ಟೆ ತಂದಿಟ್ಟು ತಲೆಯೆತ್ತಿ ನನ್ನನ್ನು ನೇರವಾಗಿ ನೋಡಿದಳು. ನಾನು ಆ ಕ್ಷಣವೇ ಸೋತೆ. ಸೋತದ್ದನ್ನು ಮರೆಮಾಚಲು ಶಾಸನಗಳ ಬಗೆಗೆ ಮಾತಾಡತೊಡಗಿದೆ. ಒಡೆದ ಕಲ್ಲುಗಳ ವಿಚಾರದಲ್ಲಿ ಸಂಶೋಧಕನಿಗಿರಬೇಕಾದ ಸಂಯಮ ಎಂಬ ವಿಷಯ. “ತಲೆ ಒಡೆದ ಕಲ್ಲು, ಬುಡ ಒಡೆದ ಕಲ್ಲು, ಇವುಗಳ ಮೇಲೆ ತೀರ್ಪು ಕೊಡತಕ್ಕದ್ದಲ್ಲ,” ಎಂದು ಬೆರಳೆತ್ತಿ ಸಾರಿದೆ. ಉಪ್ಪಿಟ್ಟು ಆರಿತು. ರಂಗಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು.

“ಕಲ್ಲಿನ್ ಜೊತೆ ಚೆನ್ನಾಗೇ ಮಾತಾಡ್ತೀರಿ ಸ್ವಾಮಿ,” ಎಂದರು. “ಜನದ್ ಜೊತೆ ಎಂಗೆ?”

ನಾನು ಆರಿದ ಉಪ್ಪಿಟ್ಟಿಗೆ ಕೈಹಾಕಿದೆ. ಕೆಲವು ದಿನಗಳಲ್ಲಿಯೇ ಅವರು ಹೇಳಿಕಳುಹಿಸಿದರು. ಅವರ ಸ್ನೇಹಿತರಾದ ರಹೀಂ ಸಾಹೇಬರ ಟೆಂಟಿಗೆ ಮುಸುಕಪ್ಪನ ಕಥೆಯ ಇಂಗ್ಲಿಷ್ ಚಿತ್ರ ಬಂದಿದೆ. ಅಂಥ ಚಿತ್ರಗಳಿಗೆ ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಕಥೆ ಹೇಳುವ ಒಬ್ಬಾತ ಇರುತ್ತಿದ್ದ. ಅವನಿಗೆ ಗಂಟಲು ಕಟ್ಟಿದೆ. ಮೇಷ್ಟ್ರು ಇಂಗ್ಲಿಷ್ ಬಲ್ಲವರು, ಈ ಪುಸ್ತಕದ ಹಾಳೆಗಳನ್ನು ಓದಿಕೊಂಡವರೆಂದೂ ಕೇಳಿದ್ದೇವೆ. ಬಂದು ಆ ಕೆಲಸ ನಡೆಸಿಕೊಡಬೇಕು. ತಾವು ಮನೆಮಂದಿಯೊಡನೆ ಬಂದು ಕೇಳಿ, ಮದುವೆಯ ಮಾತನ್ನು ಅಂದೇ ಮುಗಿಸುವುದಾಗಿ ಕೊನೆಗೊಂದು ಮಾತು.

ಇದು ಪರೀಕ್ಷೆಯೆಂದು ಕುರುಡನಿಗೂ ಕಾಣುತ್ತಿತ್ತು. ಮುಸುಕಪ್ಪನ ವಿಷಯದಲ್ಲಿ ಮೈಸೂರು ಸೀಮೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಧೈರ್ಯದಿಂದ ನಾನು ಒಪ್ಪಿಕೊಂಡೆ.

ಖಾದರ್ ಸಾಹೇಬರು ಉತ್ಸಾಹಗೊಂಡರು. ಮದುವಣಿಗನಾಗುವವನು ಜನದ ಮುಂದೆ ನಿಲ್ಲುವಾಗ ಕಥಾನಾಯಕನಂತೆಯೇ ಕಾಣಬೇಡವೇ? ಅವರು ಹಾಳೆಗಳನ್ನು ಗೋಡೆಗೆ ಸಿಕ್ಕಿಸಿ, ಕೋಟುದೊರೆಯ ಕೋಟನ್ನು ಗುಂಡಿಗೆ ಗುಂಡಿ, ಕಾಲರಿಗೆ ಕಾಲರ್ ಹೊಲಿದರು. ನಾನು ನನ್ನ ಕಡೆಯಿಂದ ಇದ್ದ ಮೀಸೆಯನ್ನು ಒಪ್ಪಿಸಿದೆ. ಅದನ್ನು ಹಾಳೆಯ ಪ್ರಕಾರ ತಿರುವಲಾಯಿತು. ಕನ್ನಡಿಯಲ್ಲಿ ಸಾಕ್ಷಾತ್ ಕೋಟುದೊರೆ ನನ್ನನ್ನು ನೋಡಿದ!

ತೆರಕಣಾಂಬಿಯ ಮಾರ್ಗವಾಗಿ ಬಸ್ಸಿನಲ್ಲಿ ನಾವು ಮೂವರೂ ಹೊರಟೆವು. ಗುಂಡ್ಲುಪೇಟೆಯಲ್ಲಿಳಿದಾಗ ನಿಲ್ದಾಣದಲ್ಲಿದ್ದ ಕೆಲವು ತರುಣರು ನನ್ನ ಕೋಟನ್ನು ವಿಚಿತ್ರವಾಗಿ ನೋಡಿ ಪಿಸುಗುಟ್ಟಿಕೊಂಡರು. ಅದನ್ನು ಮೆಚ್ಚುಗೆಯೆಂದು ತಿಳಿದು ನಾನು ಮೀಸೆಯ ಮೇಲೆ ಕೈಯಾಡಿಸಿದೆ. ಟೆಂಟಿನ ಬಳಿ ರಹೀಂ ಸಾಹೇಬರು, ಬೇಕಾದರೆ ಮೊದಲ ರೀಲನ್ನು ಒಮ್ಮೆ ಓಡಿಸಿ ತೋರಿಸುವುದಾಗಿ ಹೇಳಿದರು. ಮೂಲಗ್ರಂಥ ಬಲ್ಲವನಿಗೆ ಅನುವಾದದ ಹಂಗೇಕೆ ಎಂದು ನಾನು ನಯವಾಗಿ ನಿರಾಕರಿಸಿದೆ. ನನ್ನ ಜೀವನದಲ್ಲಿ ಇಷ್ಟು ಸೊಗಸಾದ ವಾಕ್ಯದಿಂದ ಇಷ್ಟು ಹಾನಿ ಇನ್ನೆಂದೂ ಆಗಿಲ್ಲ.

ಸಂಜೆಯ ಮೊದಲ ಆಟ. ಟೆಂಟು ತುಂಬಿತ್ತು. ಪರದೆಯ ಹತ್ತಿರ ಮರಳಿನ ಮೇಲೆ ನೆಲದವರು, ಅವರ ಹಿಂದೆ ಬೆಂಚಿನವರು, ಕಡೆಯಲ್ಲಿ ಕುರ್ಚಿಗಳು. ಮೋಟುಗೋಡೆಯ ಆಚೆ ಹೆಂಗಸರ ಕಡೆ. ಕುರ್ಚಿಯೊಂದರಲ್ಲಿ ರಂಗಪ್ಪನವರು ಕೈಕಟ್ಟಿ ಕೂತಿದ್ದರು. ಮೋಟುಗೋಡೆಯ ಪಕ್ಕದಲ್ಲೇ ಸುಶೀಲ. ನನಗೆ ಒಂದು ಬಿದಿರು ಕೋಲು, ಒಂದು ತಗಡಿನ ಕೊಳವೆ ಕೊಟ್ಟರು. ಕೊಳವೆಯನ್ನು ಬಾಯಿಗಿಟ್ಟು ಆರಂಭಿಸಿದೆ:

“ಮಹನೀಯರೇ, ಮಹಿಳೆಯರೇ! ಈ ಕಥೆಯಲ್ಲಿ ಕೋಟು ಧರಿಸಿದ ಒಬ್ಬ ಧೀರೋದಾತ್ತ ನಾಯಕನನ್ನೂ, ಮುಸುಕು ಧರಿಸಿದ ಒಬ್ಬ ನೀಚ ತಸ್ಕರನನ್ನೂ ನೀವು ಕಾಣಲಿದ್ದೀರಿ.”

ನೆಲದಲ್ಲಿ ಗುಜುಗುಜು ಎದ್ದಿತು. ನನ್ನ ಸಂಸ್ಕೃತಪದಗಳು ಅರ್ಥವಾಗಲಿಲ್ಲವೇನೋ ಎಂದು, “ಮುಸುಕಿನವನು ಕಳ್ಳ,” ಎಂದು ಬಿಡಿಸಿ ಹೇಳಿದೆ. ಗುಜುಗುಜು ಹೆಚ್ಚಿತು.

ದೀಪ ಆರಿತು. ಮುಸುಕಪ್ಪ ಕಿಟಕಿಯಿಂದ ಒಳಕ್ಕೆ ಹಾರಿದ. ಟೆಂಟೇ ಕಿತ್ತುಹೋಗುವಂತೆ ಶಿಳ್ಳೆ. ಪಾಪ, ಜನ ಕಳ್ಳನನ್ನು ತಕ್ಷಣವೇ ಗುರುತಿಸಿ ಛೀಮಾರಿ ಹಾಕುತ್ತಿದ್ದಾರೆಂದು ನನಗೆ ಸಂತೋಷವಾಯಿತು. ಮುಂದಿನ ದೃಶ್ಯದಲ್ಲಿ ಅವನು ಉರಿಯುವ ಮನೆಗೆ ನುಗ್ಗಿ ಒಂದು ಮಗುವನ್ನು ಎತ್ತಿಕೊಂಡು ಬಂದ. ನಾನು ಕೋಲಿನಿಂದ ಅವನ ಎದೆಯನ್ನು ಚುಚ್ಚಿ ತೋರಿಸಿ, “ನೋಡಿ, ಬೆಂಕಿಯ ಗಲಭೆಯಲ್ಲಿ ಮಗುವನ್ನು ಕದ್ದೊಯ್ಯುತ್ತಿದ್ದಾನೆ,” ಎಂದೆ. ಪರದೆಯ ಮೇಲೆ ಮಗುವಿನ ತಾಯಿ ಅವನ ಕೈ ಹಿಡಿದು ಅಳುತ್ತಿದ್ದಳು. “ಮಗುವನ್ನು ಬಿಟ್ಟುಬಿಡೆಂದು ಬೇಡಿಕೊಳ್ಳುತ್ತಿದ್ದಾಳೆ,” ಎಂದೆ. ಅವನು ಮಗುವನ್ನು ಅವಳ ಕೈಗಿತ್ತು ಹೊರಟುಹೋದ.

ನಾನು ಕೋಲನ್ನು ಕೆಳಗಿಳಿಸಿದೆ. “ತೂಕ ಹೆಚ್ಚಾಯಿತೆಂದು ಕಾಣುತ್ತದೆ,” ಎಂದೆ.

ಮೊದಲ ಸಿಪ್ಪೆ ಬಂದು ನನ್ನ ಕಿವಿಗೆ ಬಡಿದದ್ದು ಆಗ. “ಏನ್ಲಾ ಯೋಳ್ತಾವ್ನೆ ಈವಯ್ಯ?” ಎಂದು ನೆಲದಿಂದ ಒಂದು ದನಿ. ಕೊಳ್ಳೇಗಾಲದ ಮಾತು ಬಂದದ್ದೂ ಆಗಲೇ.

ಅಷ್ಟರಲ್ಲಿ ಕೋಟುದೊರೆಯ ಪ್ರವೇಶವಾಯಿತು. ಅವನ ಮುಖ ಪರದೆಯ ತುಂಬ ಬಂತು. ಅದೇ ಕಾಲರ್, ಅದೇ ಗುಂಡಿ, ಅದೇ ತಿರುವಿನ ಮೀಸೆ. ಪರದೆಯ ಬೆಳಕು ಪಕ್ಕದಲ್ಲಿ ನಿಂತಿದ್ದ ನನ್ನ ಮೇಲೂ ಬಿತ್ತು. ನೂರಾರು ಕಣ್ಣು ಅವನಿಂದ ನನ್ನ ಕಡೆಗೆ, ನನ್ನಿಂದ ಅವನ ಕಡೆಗೆ ಹರಿದಾಡಿದವು.

“ಇವ್ನೂ ಅವ್ನ ಕಡೆಯೋನೇ ಕಣ್ಲಾ,” ಎಂದು ಯಾರೋ ಮೆಲ್ಲಗೆ ಹೇಳಿದರು.

ಮೆಲ್ಲಗೆ ಹೇಳಿದ್ದರಿಂದಲೇ ನನಗೆ ಭಯವಾಯಿತು. ಆದರೂ ಸಿದ್ಧಾಂತವನ್ನು ಸಿಪ್ಪೆಗೆ ಹೆದರಿ ಬಿಡುವವನು ಸಂಶೋಧಕನಲ್ಲ. “ಇವರೇ ನಮ್ಮ ನಾಯಕರು!” ಎಂದು ಘೋಷಿಸಿದೆ. ನಾಯಕರು ಒಡನೆಯೇ ಒಬ್ಬ ಮುದುಕಿಯ ಕೆನ್ನೆಗೆ ಹೊಡೆದರು. “ಶಿಸ್ತು ಎಲ್ಲ ವಯಸ್ಸಿನವರಿಗೂ ಅಗತ್ಯ,” ಎಂದೆ. ಅನಾಥಾಲಯವೊಂದರ ಮುಂದೆ ನಿಂತು ಅದಕ್ಕೆ ಬೆಂಕಿ ಇಡಿಸಿದರು. “ಕಟ್ಟಡ ಹಳೆಯದು, ಜೀರ್ಣೋದ್ಧಾರದ ಪೂರ್ವಸಿದ್ಧತೆ,” ಎಂದೆ. ಮಕ್ಕಳು ಕಿಟಕಿಯಿಂದ ಕೂಗುತ್ತಿದ್ದವು. “ಹರ್ಷೋದ್ಗಾರ,” ಎನ್ನುವಷ್ಟರಲ್ಲಿ ನನ್ನ ಬಾಯಿಗೆ ಒಂದು ಹಿಡಿ ಮರಳು ಬಿತ್ತು.

ಇಲ್ಲಿಂದ ಸಂಗತಿ ಕಳೆಗಟ್ಟಿತು. ಎಂದರೆ ನನ್ನ ಮುಖದ ಕಳೆ ಹೋಯಿತು. ಟೆಂಟಿನ ಅಂಚಿನಲ್ಲಿ ನಾಲ್ಕಾರು ಜನ ಎದ್ದು ನಿಂತಿದ್ದರು. ಅವರ ಕೈಗಳು ಟೆಂಟಿನ ಹಗ್ಗಗಳ ಮೇಲಿದ್ದವು. ಹಗ್ಗ ಬಿಚ್ಚಿದರೆ ಬಟ್ಟೆ ಕುಸಿಯುತ್ತದೆ, ಕೆಳಗೆ ಹೆಂಗಸರು ಮಕ್ಕಳು, ಹಿಂದೆ ಚಿತ್ರ ತೋರಿಸುವ ಯಂತ್ರದ ಬೆಂಕಿ. ರಹೀಂ ಸಾಹೇಬರು ಒಬ್ಬೊಬ್ಬರ ಕೈ ಹಿಡಿದು ಬೇಡುತ್ತ ಹಗ್ಗದಿಂದ ಹಗ್ಗಕ್ಕೆ ಓಡುತ್ತಿದ್ದರು. ಖಾದರ್ ಸಾಹೇಬರು ತಾವು ಹೊಲಿದ ಕೋಟನ್ನು ತಾವೇ ನೋಡಲಾರದೆ ತಲೆ ತಗ್ಗಿಸಿದ್ದರು. ಸಿದ್ದಯ್ಯ ಆಗಲೇ ನೆಲದವರ ನಡುವೆ ಕೂತು ಎಲ್ಲರ ಜೊತೆ ನನ್ನನ್ನು ಬೈಯುತ್ತಿದ್ದ. ರಂಗಪ್ಪನವರು ಕನ್ನಡಕ ತೆಗೆದರು. ಒರೆಸಿಕೊಳ್ಳಲಿಲ್ಲ, ಜೇಬಿಗೆ ಹಾಕಿಕೊಂಡರು. ಇನ್ನು ನೋಡುವಂಥದ್ದೇನೂ ಉಳಿದಿಲ್ಲ ಎಂಬಂತೆ! ಮದುವೆ ಮುರಿಯುವ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಆಗ ರೀಲು ಮುಗಿಯಿತು. ಒಂದೇ ಯಂತ್ರದ ಟೆಂಟಾದ್ದರಿಂದ ರೀಲು ಬದಲಿಸಲು ದೀಪ ಹಾಕಲೇಬೇಕಾಗಿತ್ತು. ದೀಪ ಹತ್ತಿತು. ಇಡೀ ಗುಂಡ್ಲುಪೇಟೆಯ ಎದುರು ನಾನು ಕೋಟು, ಮೀಸೆ, ಕೋಲು, ಕೊಳವೆಗಳ ಸಮೇತ ನಿಂತಿದ್ದೆ. ನೆಲದವರು ಎದ್ದರು.

“ಎಲ್ಲರೂ ಕೂತ್ಕೊಳ್ಳಿ.”

ಹೆಂಗಸರ ಕಡೆಯಿಂದ ಬಂದ ದನಿ. ಕೂಗಿದ್ದಲ್ಲ, ತರಗತಿಯಲ್ಲಿ ಹೇಳುವಂತೆ ಹೇಳಿದ್ದು. ಅಲ್ಲಿದ್ದ ಅರ್ಧ ಜನರ ಹೆಣ್ಣುಮಕ್ಕಳು ಆ ದನಿಯ ಕೈಕೆಳಗೆ ಓದುತ್ತಿದ್ದರು. ನೆಲದವರು ಕೂತರು. ನನಗೂ ಕೂರಬೇಕೆನ್ನಿಸಿತು.

ಸುಶೀಲ ಮೋಟುಗೋಡೆಯ ಬಳಿ ಎದ್ದು ನಿಂತಿದ್ದಳು. “ಕೂತ್ಕೊ ಕಣಮ್ಮಿ,” ಎಂದರು ರಂಗಪ್ಪನವರು. ಅವಳು ಕೂರಲಿಲ್ಲ.

“ಮೇಷ್ಟ್ರೇ, ಒಂದು ಪ್ರಶ್ನೆ,” ಎಂದಳು. “ಈ ಪುಸ್ತಕದ ಮೊದಲನೇ ಪುಟ ನಿಮ್ಮ ಹತ್ರ ಇದೆಯಾ?”

“ಇಲ್ಲ,” ಎಂದೆ. ಅಭ್ಯಾಸಬಲದಿಂದ ಕೊಳವೆಯಲ್ಲೇ ಎಂದೆ. ‘ಇಲ್ಲ’ ಎಂಬುದು ಟೆಂಟಿನ ಮೂಲೆಮೂಲೆಗೂ ಹೋಯಿತು.

“ಕೊನೇ ಪುಟ?”

“ಅದೂ ಇಲ್ಲ.”

“ಹಾಗಾದ್ರೆ ಯಾವ ಪುಟ ಇದೆ?”

“ನಡುವಿನವು.”

“ನಿಮಗೆ ಸಿಕ್ಕಿದ ಎಲ್ಲಾ ಪುಸ್ತಕದಲ್ಲೂ ಬರೀ ನಡುವಿನವೇನಾ?”

ನಾನು ಯೋಚಿಸಿದೆ. ಆವರೆಗೆ ಯೋಚಿಸಿರಲಿಲ್ಲ. “ಹೌದು,” ಎಂದೆ.

“ನಮ್ಮನೇಲಿ ಕೂತು ನೀವೇ ಹೇಳಿದ್ರಲ್ಲ, ಉಪ್ಪಿಟ್ಟು ಆರೋ ತನಕ: ತಲೆ ಒಡೆದ ಕಲ್ಲು, ಬುಡ ಒಡೆದ ಕಲ್ಲು, ಇವುಗಳ ಮೇಲೆ ತೀರ್ಪು ಕೊಡಬಾರದು ಅಂತ. ತಲೆಯೂ ಇಲ್ಲ, ಬುಡವೂ ಇಲ್ಲ. ಮತ್ತೆ ಯಾರು ಕಳ್ಳ ಅಂತ ಹೇಗ್ ಹೇಳ್ತಿದೀರಿ?”

ಟೆಂಟಿನಲ್ಲಿ ಒಂದು ಸಿಪ್ಪೆಯೂ ಒಡೆಯಲಿಲ್ಲ. ನನ್ನ ಮುಂದೆ ಎರಡು ದಾರಿಗಳಿದ್ದವು. ಸಮರ್ಥಿಸಿಕೊಳ್ಳಬಹುದಾಗಿತ್ತು, ಪಾಠಾಂತರ, ಪ್ರಕ್ಷಿಪ್ತ ಎಂಬ ಎರಡು ಶಬ್ದಗಳನ್ನು ಎಸೆದು ಓಡಬಹುದಾಗಿತ್ತು. ಆದರೆ ಆ ಸೂತ್ರ ನನ್ನದೇ. ಕಲ್ಲಿನ ಮುಂದೆ ನಾನು ಸುಳ್ಳು ಹೇಳಿದವನಲ್ಲ. ಆ ಹೊತ್ತಿನಲ್ಲಿ ಅವಳು ಕಲ್ಲಿನಷ್ಟೇ ಸ್ಥಿರವಾಗಿ ನಿಂತಿದ್ದಳು. ಕೊಳವೆಯನ್ನು ಬಾಯಿಗಿಟ್ಟೆ.

“ಅವರು ಹೇಳಿದ್ದು ಸರಿ,” ಎಂದೆ. “ನಾನು ಹೇಳಿದ್ದು ತಪ್ಪು.”

ಹಗ್ಗದ ಮೇಲಿದ್ದ ಕೈಗಳು ಸಡಿಲಗೊಂಡವು. ನೆಲದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬೆಂಚು ನಕ್ಕಿತು. ಕಡೆಗೆ ಇಡೀ ಟೆಂಟು ನಕ್ಕಿತು. ನಗುವ ಜನ ಹಗ್ಗ ಬಿಚ್ಚುವುದಿಲ್ಲವಾದ್ದರಿಂದ ರಹೀಂ ಸಾಹೇಬರು ಒಂದು ಕಂಬವನ್ನು ತಬ್ಬಿಕೊಂಡು ಉಸಿರುಬಿಟ್ಟರು.

ಆದರೆ ನನ್ನ ಶಿಕ್ಷೆ ಮುಗಿದಿರಲಿಲ್ಲ. ಆಟ ಮುಂದುವರಿಯಬೇಕಾಗಿತ್ತು, ಕೊಳವೆ ನನ್ನ ಕೈಯಲ್ಲಿತ್ತು. ಹೀಗಾಗಿ ಒಂದು ಏರ್ಪಾಡಾಯಿತು: ಸುಶೀಲ ತನ್ನ ಜಾಗದಿಂದ ಕಥೆ ಹೇಳುವುದು, ನಾನು ಅದನ್ನು ಕೊಳವೆಯಲ್ಲಿ ಗಟ್ಟಿಯಾಗಿ ಹೇಳುವುದು. ಅವಳು, “ಕೋಟು ಹಾಕಿದೋನೇ ದುಷ್ಟ” ಎಂದಳು. ನಾನು ಕೋಟು ಹಾಕಿಕೊಂಡು, “ಕೋಟು ಧರಿಸಿದವನೇ ದುಷ್ಟ” ಎಂದು ಸಾರಿದೆ.

“ಯಾವ್ ಕೋಟು ಸಾಮೀ?” ಎಂದು ನೆಲದಿಂದ ಕೇಳಿದರು. ದನಿ ಸಿದ್ದಯ್ಯನದು!

ಅಂದಿನ ನಿರೂಪಣೆಯಲ್ಲಿ ನನಗೆ ತಿಳಿದ ಇನ್ನೊಂದು ಸಂಗತಿ: ಗುಂಡ್ಲುಪೇಟೆಯ ಅಭಿಮಾನಿಗಳಿಗೆ ಚಿತ್ರದ ಮೇಲೂ ಸಿಟ್ಟಿತ್ತು. ಆ ಸಿಟ್ಟನ್ನೂ ನಾನೇ ಘೋಷಿಸಬೇಕಾಯಿತು. ಪುಸ್ತಕದಲ್ಲಿ ಮುಸುಕಪ್ಪನ ಬೆನ್ನಿನ ವಸ್ತ್ರ ಕೆಂಪು, ಗಾಳಿಯಲ್ಲಿ ಜ್ವಾಲೆಯಂತೆ ಹಾರುತ್ತದೆ. ಪರದೆಯ ಮೇಲೆ ಅದು ಬೂದಿ ಬಣ್ಣದ್ದು, ಒದ್ದೆ ಪಂಚೆಯಂತೆ ಜೋತಿದೆ. ಪುಸ್ತಕದವನಿಗೆ ಸಿಂಹದ ನಡು. ಪರದೆಯವನಿಗೆ ಸಣ್ಣ ಹೊಟ್ಟೆ. ಎಲ್ಲಕ್ಕಿಂತ ದೊಡ್ಡ ಅಪರಾಧ, ಪುಸ್ತಕದಲ್ಲಿ ಮೋಡದ ಮೇಲೆ ಹಾರುವವನು ಪರದೆಯ ಮೇಲೆ ಕಳ್ಳರ ಹಿಂದೆ ಕಾರಿನಲ್ಲಿ ಹೋಗುತ್ತಾನೆ. “ಆರೋನಿಗೆ ಕಾರ್ ಯಾಕ್ಲಾ?” ಎಂದು ಬೆಂಚಿನವನೊಬ್ಬ ನಿಜವಾದ ದುಃಖದಿಂದ ಕೇಳಿದ. ಬಸ್ ಏಜೆಂಟರಾದ ರಂಗಪ್ಪನವರೊಬ್ಬರೇ ಅದನ್ನು ಮೆಚ್ಚಿದರೆಂದು ಆಮೇಲೆ ತಿಳಿಯಿತು.

ಆಟ ಮುಗಿದು ಜನ ಚದುರಿದರು. ನಾನು ಕೋಟನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಚಾಮರಾಜನಗರದ ಬಸ್ಸಿಗೆ ಕಾದು ನಿಂತೆ. ಖಾದರ್ ಸಾಹೇಬರು ಸಾಂತ್ವನಕ್ಕೆಂದು, ಮೀಸೆ ಮಾತ್ರ ಚೆನ್ನಾಗಿತ್ತು ಎಂದರು. ಅಷ್ಟರಲ್ಲಿ ರಂಗಪ್ಪನವರು ನಿಧಾನವಾಗಿ ನಡೆದು ಬಂದರು. ಹಿಂದೆ ದೂರದಲ್ಲಿ ಹೆಂಗಸರ ಗುಂಪು ನಿಂತಿತ್ತು. ನಾನು ಕ್ಷಮಾಪಣೆಯ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ರಚಿಸುತ್ತಿದ್ದೆ. ಅದರಲ್ಲಿ ಮೂರು ಸಮಾಸಗಳಿದ್ದವು.

“ನಿಮ್ ಮಾತು ಕೇಳ್ದೆ ಸ್ವಾಮಿ,” ಎಂದರು ರಂಗಪ್ಪನವರು. “ಇಂಥ ದಡ್ ಮಾತು ನಾನು ಈ ಬಸ್ ಸ್ಟ್ಯಾಂಡ್‌ನಲ್ಲೂ ಕೇಳಿಲ್ಲ.”

ನಾನು ತಲೆ ತಗ್ಗಿಸಿದೆ.

“ನನ್ಗೆ ಇಬ್ರು ಅಳಿಯಂದ್ರವ್ರೆ. ಇಬ್ರೂ ಬುದ್ಧಿವಂತ್ರು. ಇವತ್ತಿನ್ ತಂಕ ಒಬ್ನೂ ನನ್ ಮಕ್ಕಳಿಗೆ ‘ನೀ ಯೋಳಿದ್ದು ಸರಿ ಕಣಮ್ಮಿ’ ಅಂದದ್ದಿಲ್ಲ. ನಾಕು ಗೋಡೆ ಒಳ್ಗೂ ಅಂದದ್ದಿಲ್ಲ. ನೀವು ಮದ್ವೆಗ್ ಮುಂಚೇನೇ, ಟೆಂಟ್ ತುಂಬಿದ್ ಜನದ್ ಮುಂದೆ, ಕೊಳವೆ ಇಟ್ಕಂಡ್ ಅಂದ್ಬುಟ್ರಿ.” ಅವರು ಕನ್ನಡಕವನ್ನು ಜೇಬಿನಿಂದ ತೆಗೆದು ಮತ್ತೆ ಹಾಕಿಕೊಂಡರು. “ಹುಡ್ಗಿನ್ ಕೇಳ್ದೆ. ಆಗ್ಬೋದು ಅಂದ್ಳು. ಆ ಕೋಟೊಂದು ಮದ್ವೆಗೆ ತರಬ್ಯಾಡಿ.”

ಮದುವೆಯಾಯಿತು. ಅದರ ದಿನಾಂಕದ ಬಗೆಗೆ ವಿವಾದವಿಲ್ಲ; ಸುಶೀಲ ಹೇಳಿದ್ದೇ ದಿನಾಂಕ.

ಮದುವೆಯಾದ ಹೊಸತರಲ್ಲಿ ಅವಳು ತನ್ನ ಪೆಟ್ಟಿಗೆಯಿಂದ ಒಂದು ಕಟ್ಟು ತೆಗೆದಳು. ಶಾಲೆಯ ಪುಸ್ತಕಗಳಿಗೆ ರಟ್ಟು ಹಾಕಲೆಂದು ಗುಂಡ್ಲುಪೇಟೆಯ ಅಂಗಡಿಗಳಿಂದ ಕೂಡಿಸಿದ್ದ ಮುಸುಕಪ್ಪನ ಹಾಳೆಗಳು. ನಾನು ನನ್ನ ಕಟ್ಟು ತಂದೆ. ಎರಡನ್ನೂ ನೆಲದ ಮೇಲೆ ಹರಡಿದೆವು. ಪುಸ್ತಕದ ಬೆನ್ನಿಗೆ ಹೊಡೆದ ಪಿನ್ನಿನ ತುಕ್ಕುಕಲೆಗಳು ಒಂದಕ್ಕೊಂದು ಕೂಡಿಕೊಂಡಾಗ ರಹಸ್ಯ ಬಯಲಾಯಿತು. ರದ್ದಿಯವರು ಪಿನ್ನು ಕಿತ್ತು ಹಾಳೆಗಳನ್ನು ಬೇರ್ಪಡಿಸುವಾಗ, ಮೇಲಿನ ಅರ್ಧವನ್ನು ಊರಿನ ಅಂಗಡಿಗಳಿಗೆ ಇಟ್ಟುಕೊಂಡು, ಒಳಗಿನ ಅರ್ಧವನ್ನು ಚಾಮರಾಜನಗರದ ಕಡೆಗೆ ಕಳುಹಿಸುತ್ತಿದ್ದರು. ಹಾಳೆ ಮಡಚಿದ್ದಾದ್ದರಿಂದ ಹೊರಗಿನ ಹಾಳೆಯ ಒಂದು ಮಗ್ಗುಲು ಕಥೆಯ ಮೊದಲು, ಇನ್ನೊಂದು ಮಗ್ಗುಲು ಕಥೆಯ ಕೊನೆ. ಒಳಗಿನವು ಪೂರಾ ನಡುವು. ಕಥೆ ಬರೆದವರ ಪದ್ಧತಿಯಂತೆ ಮುಸುಕಪ್ಪ ಮೊದಲಲ್ಲಿ ಹಾರುತ್ತಾನೆ, ಕೊನೆಯಲ್ಲಿ ಗೆಲ್ಲುತ್ತಾನೆ; ನಡುವಿನಲ್ಲಿ ಮಾತ್ರ ಕಟ್ಟಿಸಿಕೊಂಡು ಒದೆ ತಿನ್ನುತ್ತಾನೆ. ಗುಂಡ್ಲುಪೇಟೆ ಅವನ ಗೆಲುವನ್ನಷ್ಟೇ ಕಂಡಿತ್ತು. ಚಾಮರಾಜನಗರ ಅವನ ಒದೆಯನ್ನಷ್ಟೇ. ನಾವು ಅವನಿಗಿಟ್ಟ ಹೆಸರು ಬಸ್ಸಿನಲ್ಲಿ ಊರಿಂದೂರಿಗೆ ಹೋಗಿ ಬರುತ್ತಿತ್ತು. ಹಾಳೆಗಳು ಮಾತ್ರ ಕೂಡಿರಲಿಲ್ಲ.

ನಮ್ಮ ಹಾಳೆಗಳನ್ನು ಕೂಡಿಸಿ ಸುಶೀಲ ಸೂಜಿದಾರದಿಂದ ಹೊಲಿದಳು. ಆ ಪುಸ್ತಕ ಈಗಲೂ ಮನೆಯಲ್ಲಿದೆ. ಪರದೆಯ ಮುಸುಕಪ್ಪನಿಗೂ ತನ್ನದೇ ಗಾಂಭೀರ್ಯವಿತ್ತೆಂದು ನಾನು ವಾದಿಸುತ್ತೇನೆ. ಆ ಹೊಟ್ಟೆಯವನನ್ನು ತನ್ನ ಮುಂದೆ ಹೊಗಳಬೇಡಿರೆಂದು ಅವಳು ಗದರುತ್ತಾಳೆ. ವಾದವನ್ನು ಆರಂಭಿಸುವವಳು ಅವಳು, ಮುಗಿಸುವವಳೂ ಅವಳೇ.

ಈ ಲೇಖನವನ್ನೂ ಅವಳು ಮೊದಲಿಂದ ಕೊನೆಯವರೆಗೆ ಓದಿ, ಆರಂಭದಲ್ಲಿ ಒಂದು ಮಿತಿ ಕೆಡವಿ, ಮುಕ್ತಾಯಕ್ಕೆ ಅನುಮತಿ ನೀಡಿದ್ದಾಳೆ. ನನ್ನ ಸಂಶೋಧನೆಯ ಕಡೆಯ ಫಲಿತಾಂಶವನ್ನು ಇಲ್ಲಿ ದಾಖಲಿಸುತ್ತೇನೆ. ಈ ಮನೆಯ ಕಥೆಯ ಹೊರಹಾಳೆಗಳು, ಎಂದರೆ ಆರಂಭ ಮತ್ತು ಅಂತ್ಯಗಳು, ಅಂದಿನಂತೆ ಇಂದೂ ಗುಂಡ್ಲುಪೇಟೆಯವರ ವಶದಲ್ಲಿವೆ. ನನ್ನ ಪಾಲಿಗೆ ನಡುಹಾಳೆಗಳು.

ಅಲ್ಲಿ ಕಂಬಕ್ಕೆ ಕಟ್ಟಿಸಿಕೊಂಡು ನಿಂತಿರುವವನು ಯಾರೆಂದು ನಿರ್ಣಯಿಸಲು ಈ ಬಾರಿ ಹೆಚ್ಚಿನ ಸಾಕ್ಷ್ಯ ಬೇಕಾಗಲಿಲ್ಲ.